ಹಳೆಯ ಆರ್ಕೇಡ್ ಆಟಗಳ ಸಂಕಲನ ಮೊಬೈಲಿನಲ್ಲಿ: ಆರಿಸುವುದರಿಂದ ಆಡುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಆರ್ಕೇಡ್ ಆಟಗಳನ್ನು, ಅಂದರೆ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರಗಳ ಆಟಗಳನ್ನು, ಕಾಸರಗೋಡಿನ ಕನ್ನಡಿಗರಲ್ಲಿ ಹಲವರು ಕಂಡದ್ದು ಎರಡು ದಾರಿಗಳಲ್ಲಿ: ಮಂಗಳೂರಿಗೆ ಹೋದಾಗ ಅಲ್ಲಿನ ಪಾರ್ಲರುಗಳಲ್ಲಿ, ಇಲ್ಲವೇ ಗಲ್ಫಿನಿಂದ ಊರಿಗೆ ಬಂದ ಬಂಧುಗಳು ತಂದುಕೊಟ್ಟ, ಟಿವಿಗೆ ಜೋಡಿಸುವ ಕ್ಯಾಸೆಟ್ ಗೇಮಿನಲ್ಲಿ. ಆ ಕ್ಯಾಸೆಟ್ಟುಗಳ ಮೇಲೆ ಸಾವಿರಾರು ಆಟಗಳೆಂದು ಅಚ್ಚು ಹಾಕಿದ್ದರೂ ಒಳಗಿರುತ್ತಿದ್ದದ್ದು ಬೆರಳೆಣಿಕೆಯಷ್ಟು. ಉಳಿದವೆಲ್ಲ ಅದೇ ಆಟದ ಬಣ್ಣವನ್ನೋ ಹಂತವನ್ನೋ ಬದಲಿಸಿದ ಪುನರಾವರ್ತನೆ. ಮೊಬೈಲಿನ ಆ್ಯಪ್ ಅಂಗಡಿಗಳಲ್ಲಿ ಇಂದೂ ಸಂಕಲನಗಳನ್ನು ಮಾರುವವರು ಮೊದಲು ತೋರಿಸುವುದು ಆಟಗಳ ಸಂಖ್ಯೆಯನ್ನೇ. ಆದರೆ ಒಂದು ಸಂಕಲನ ನಿಮ್ಮ ಫೋನಿನಲ್ಲಿ ಆಡಲು ಯೋಗ್ಯವೇ ಎಂಬುದನ್ನು ಸಂಖ್ಯೆ ನಿರ್ಣಯಿಸುವುದಿಲ್ಲ. ಮೂಲ ಯಂತ್ರದ ಪರದೆ ಅಡ್ಡವಾಗಿತ್ತೇ ಉದ್ದವಾಗಿತ್ತೇ, ಆಟಗಾರನ ಕೈಯಲ್ಲಿ ಜಾಯ್‌ಸ್ಟಿಕ್ ಇತ್ತೇ ಉರುಳುವ ಚೆಂಡಿತ್ತೇ, ಇವೆರಡನ್ನೂ ಗಾಜಿನ ಪರದೆಗೆ ಆ್ಯಪ್ ಹೇಗೆ ಇಳಿಸಿದೆ ಎಂಬುದು ನಿರ್ಣಯಿಸುತ್ತದೆ. ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಆ ಒಂದು ಅಳತೆಯನ್ನು ಹಿಡಿದೇ ಸಾಗುತ್ತವೆ.

ಮೊದಲ ಹೆಜ್ಜೆ: ಯಾವ ಬಗೆಯ ಸಂಕಲನ ಎಂದು ಗುರುತಿಸುವುದು

ಮೊಬೈಲಿನಲ್ಲಿ ಹಳೆಯ ಆರ್ಕೇಡ್ ಆಟಗಳು ಮೂರು ರೂಪಗಳಲ್ಲಿ ಸಿಗುತ್ತವೆ. ಒಂದೇ ಆ್ಯಪ್‌ನೊಳಗೆ ಹಲವು ಆಟಗಳಿದ್ದು, ಒಂದನ್ನು ಉಚಿತವಾಗಿ ಕೊಟ್ಟು ಉಳಿದವನ್ನು ಕಟ್ಟುಗಳಾಗಿ ಮಾರುವುದು ಮೊದಲನೆಯ ರೂಪ. 2011ರಲ್ಲಿ ಬಂದ ಅಟಾರಿ ಕಂಪನಿಯ 'ಅಟಾರೀಸ್ ಗ್ರೇಟೆಸ್ಟ್ ಹಿಟ್ಸ್' ಇದಕ್ಕೆ ಒಳ್ಳೆಯ ಮಾದರಿ. ಅದರಲ್ಲಿ 'ಮಿಸೈಲ್ ಕಮಾಂಡ್' ಉಚಿತವಾಗಿದ್ದು, ಒಟ್ಟು 100 ಆಟಗಳಲ್ಲಿ ಉಳಿದವನ್ನು ಹಣ ಕೊಟ್ಟು ತೆರೆಯಬೇಕಿತ್ತು. ಆದರೆ ಆ ನೂರರಲ್ಲಿ ಹೆಚ್ಚಿನವು ಪಾರ್ಲರಿನ ಆಟಗಳಾಗಿರಲಿಲ್ಲ. ಮನೆಯ ಟಿವಿಗೆ ಜೋಡಿಸುವ ಅಟಾರಿ 2600 ಯಂತ್ರದ ಆಟಗಳಾಗಿದ್ದವು. ಪಾರ್ಲರಿನ ಆಟಕ್ಕೂ ಅದರ ಮನೆಯ ಆವೃತ್ತಿಗೂ ಚಿತ್ರ, ಸದ್ದು, ವೇಗ ಎಲ್ಲದರಲ್ಲೂ ಅಂತರವಿರುತ್ತದೆ. ಆದ್ದರಿಂದ ಯಾವುದೇ ಸಂಕಲನದ ವಿವರಣೆಯಲ್ಲಿ ಆಟದ ಹೆಸರಿನ ಜೊತೆಗೆ ಅದು ಯಾವ ಯಂತ್ರದ ಆವೃತ್ತಿ ಎಂಬುದನ್ನೂ ಓದಬೇಕು.

ಎರಡನೆಯ ರೂಪದಲ್ಲಿ ಆಟಗಳನ್ನು ಒಂದೊಂದಾಗಿ, ಆದರೆ ಒಂದೇ ಮಾಲಿಕೆಯಾಗಿ ಮಾರುತ್ತಾರೆ. ಹ್ಯಾಮ್‌ಸ್ಟರ್ ಮತ್ತು ಎಸ್‌ಎನ್‌ಕೆ ಕಂಪನಿಗಳು 2021ರ ಡಿಸೆಂಬರ್‌ನಿಂದ ಮೊಬೈಲಿಗೆ ತಂದ 'ಎಸಿಎ ನಿಯೋಜಿಯೋ' (ಎಸ್‌ಎನ್‌ಕೆಯ ನಿಯೋಜಿಯೋ ಯಂತ್ರದ ಆಟಗಳ) ಮಾಲಿಕೆ ಈ ಬಗೆಯದು. ಬೇಕಾದ ಆಟಕ್ಕೆ ಮಾತ್ರ ಹಣ ಕೊಡುವ ಈ ಪದ್ಧತಿಯೇ ನನ್ನ ದೃಷ್ಟಿಯಲ್ಲಿ ಉತ್ತಮ, ಏಕೆಂದರೆ ಐವತ್ತು ಆಟಗಳ ಕಟ್ಟಿನಲ್ಲೂ ನಾವು ಮತ್ತೆ ಮತ್ತೆ ತೆರೆಯುವುದು ನಾಲ್ಕೈದನ್ನು ಮಾತ್ರ. ಮೂರನೆಯದು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದ ವರ್ತನೆಯನ್ನು ಅನುಕರಿಸುವ ತಂತ್ರಾಂಶ. ಆಟದ ಕಡತಗಳನ್ನು ನೀವೇ ಒದಗಿಸಬೇಕು. ಇದರ ವಿವರ ಮುಂದೆ ಬರುತ್ತದೆ.

ಎರಡನೆಯ ಹೆಜ್ಜೆ: ಖಾತೆಯ ದೇಶ ಮತ್ತು ಹಣ ಪಾವತಿ

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಗಲ್ಫಿನಿಂದ ಬಂದ ಫೋನುಗಳನ್ನು ಬಳಸುವ ಮನೆಗಳು ಬೇಕಾದಷ್ಟಿವೆ. ಅಂತಹ ಫೋನಿನಲ್ಲಿ ಅಲ್ಲಿನ ಖಾತೆಯೇ ಮುಂದುವರಿದಿದ್ದರೆ, ಆ್ಯಪ್ ಅಂಗಡಿ ಆ ದೇಶದ ಆಟಗಳನ್ನು ಆ ದೇಶದ ಹಣದಲ್ಲಿ ತೋರಿಸುತ್ತದೆ. ಯುಪಿಐ ಮೂಲಕ ಪಾವತಿಸುವ ಆಯ್ಕೆ ಅಲ್ಲಿ ಕಾಣಿಸುವುದಿಲ್ಲ. ಗೂಗಲ್ ಪ್ಲೇ ಖಾತೆಯ ದೇಶವನ್ನು ವರ್ಷಕ್ಕೆ ಒಮ್ಮೆ ಮಾತ್ರ ಬದಲಿಸಬಹುದು. ಆಪಲ್ ಖಾತೆಯಲ್ಲಿ ದೇಶ ಬದಲಿಸುವ ಮೊದಲು ಉಳಿದಿರುವ ಹಣವನ್ನು ಖರ್ಚು ಮಾಡಿ, ನಡೆಯುತ್ತಿರುವ ಚಂದಾಗಳನ್ನು ರದ್ದು ಮಾಡಬೇಕಾಗುತ್ತದೆ. ಆಟ ಕೊಳ್ಳುವ ಮೊದಲೇ ಇದನ್ನು ಸರಿಪಡಿಸಿಕೊಳ್ಳಿ.

ಮನೆಯಲ್ಲಿ ಒಬ್ಬರು ಕೊಂಡು ಎಲ್ಲರೂ ಆಡುವ ಆಲೋಚನೆಯಿದ್ದರೆ ಇನ್ನೊಂದು ಸಂಗತಿ ತಿಳಿದಿರಬೇಕು. ಗೂಗಲ್ ಪ್ಲೇಯ ಕುಟುಂಬ ಸೌಲಭ್ಯದಲ್ಲಿ ಹಣ ಕೊಟ್ಟು ಕೊಂಡ ಆ್ಯಪ್ ಹಂಚಿಕೆಯಾಗುತ್ತದೆ, ಆದರೆ ಆ್ಯಪ್‌ನೊಳಗೆ ಕೊಂಡದ್ದು ಹಂಚಿಕೆಯಾಗುವುದಿಲ್ಲ. ಉಚಿತ ಆ್ಯಪ್‌ನೊಳಗೆ ಆಟಗಳ ಕಟ್ಟನ್ನು ಮಾರುವ ಸಂಕಲನದಲ್ಲಿ ಅಪ್ಪ ಕೊಂಡ ಕಟ್ಟು ಮಗಳ ಫೋನಿಗೆ ಬಾರದೆ ಹೋಗುವುದು ಇದರಿಂದಲೇ. ಆಪಲ್‌ನಲ್ಲಿ ಅದು ಆ್ಯಪ್ ತಯಾರಕರು ಅನುಮತಿ ಕೊಟ್ಟಿದ್ದಾರೆಯೇ ಎಂಬುದನ್ನು ಅವಲಂಬಿಸಿದೆ. ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಮಾಡಿಡುವುದು ಮಕ್ಕಳಿರುವ ಮನೆಯಲ್ಲಿ ಕಡ್ಡಾಯವೆಂದೇ ತಿಳಿಯಬೇಕು.

ಮೂರನೆಯ ಹೆಜ್ಜೆ: ಅಸಲಿಯೇ, ಇನ್ನೂ ಜೀವಂತವಾಗಿದೆಯೇ ಎಂದು ನೋಡುವುದು

ಆ್ಯಪ್‌ನ ಹೆಸರಿನ ಕೆಳಗಿರುವ ಪ್ರಕಾಶಕರ ಹೆಸರನ್ನು ಓದಿ. 'ಪ್ಯಾಕ್‌ಮ್ಯಾನ್' ಮತ್ತು 'ಗ್ಯಾಲಗ' ಬಂದೈ ನಾಮ್ಕೊ ಕಂಪನಿಯವು. 'ಸ್ಪೇಸ್ ಇನ್‌ವೇಡರ್ಸ್' ಟೈಟೊ ಕಂಪನಿಯದು. 'ಸ್ಟ್ರೀಟ್ ಫೈಟರ್' ಕ್ಯಾಪ್‌ಕಾಮ್‌ನದು. 'ಮೆಟಲ್ ಸ್ಲಗ್' ಎಸ್‌ಎನ್‌ಕೆಯದು. ಈ ನಾಲ್ಕು ಕಂಪನಿಗಳ ಆಟಗಳೂ ಒಂದೇ ಅನಾಮಿಕ ಆ್ಯಪ್‌ನಲ್ಲಿ ಜೊತೆಯಾಗಿ, ಅದೂ ಉಚಿತವಾಗಿ ಸಿಗುತ್ತಿದ್ದರೆ ಅದು ಪರವಾನಗಿ ಪಡೆದ ಸಂಕಲನವಾಗಿರುವ ಸಂಭವ ತೀರಾ ಕಡಿಮೆ. ಹಳೆಯ ಆಟವೊಂದಕ್ಕೆ ಸಂಪರ್ಕಗಳ ಪಟ್ಟಿಯಾಗಲಿ ಎಸ್‌ಎಂಎಸ್ ಓದುವ ಅನುಮತಿಯಾಗಲಿ ಬೇಕಿಲ್ಲ. ಕೇಳಿದರೆ ಆ್ಯಪ್ ಅನ್ನು ಅಲ್ಲಿಗೇ ಕೈಬಿಡಿ.

ಕೊನೆಯ ಬಾರಿ ಯಾವಾಗ ಪರಿಷ್ಕರಿಸಲಾಗಿದೆ ಎಂಬ ದಿನಾಂಕವೂ ಮುಖ್ಯ. 2017ರಲ್ಲಿ ಐಫೋನಿನ ಐಓಎಸ್ 11 ಬಂದಾಗ ಹಳೆಯ ಬಗೆಯ 32 ಬಿಟ್‌ನ ಆ್ಯಪ್‌ಗಳು ಓಡುವುದೇ ನಿಂತಿತು. ಪರಿಷ್ಕರಣೆ ಕಾಣದ ಹಳೆಯ ಸಂಕಲನಗಳು, ಹಣ ಕೊಟ್ಟವರ ಕೈಯಲ್ಲೂ, ಹೊಸ ಫೋನಿನಲ್ಲಿ ತೆರೆಯದಾದವು. ಆಂಡ್ರಾಯ್ಡ್ 14 ಕೂಡ ತೀರಾ ಹಳೆಯ ಆಂಡ್ರಾಯ್ಡಿಗಾಗಿ ರೂಪಿಸಿದ ಆ್ಯಪ್‌ಗಳ ಸ್ಥಾಪನೆಯನ್ನು ತಡೆಯುತ್ತದೆ.

ಕೊಂಡ ಕೂಡಲೇ ಮಾಡಬೇಕಾದ ಪರೀಕ್ಷೆಯೊಂದಿದೆ: ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಆಟ ತೆರೆಯಿರಿ. ಪೆರ್ಲ, ಮುಳ್ಳೇರಿಯಗಳ ಆಚೆಗಿನ ಗುಡ್ಡದ ಮಗ್ಗುಲಲ್ಲಿ ಇರುವವರಿಗೆ, ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಸಹ ಕೈಕೊಟ್ಟ ರಾತ್ರಿಗಳಲ್ಲಿ, ಇಂಟರ್ನೆಟ್ ಇಲ್ಲದೆ ತೆರೆಯದ ಆಟದಿಂದ ಪ್ರಯೋಜನವಿಲ್ಲ. ತೃಪ್ತಿಯಾಗದಿದ್ದರೆ ಗೂಗಲ್ ಪ್ಲೇಯಲ್ಲಿ ಖರೀದಿಸಿದ 48 ಗಂಟೆಗಳೊಳಗೆ ಹಣ ಮರಳಿಸುವಂತೆ ಕೋರಬಹುದು. ಆದ್ದರಿಂದ ಮುಂದಿನ ಮೂರು ಹೆಜ್ಜೆಗಳನ್ನು ಆ ಅವಧಿಯಲ್ಲೇ ಮುಗಿಸುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಪರದೆಯನ್ನು ಹೊಂದಿಸುವುದು

'ಪ್ಯಾಕ್‌ಮ್ಯಾನ್' 1980ರಲ್ಲಿ, 'ಗ್ಯಾಲಗ' 1981ರಲ್ಲಿ ಬಂದಾಗ ಅವುಗಳ ಪರದೆ ಉದ್ದವಾಗಿ ನಿಲ್ಲಿಸಿದ್ದು: ಅಗಲ 224 ಚುಕ್ಕೆ (ಪಿಕ್ಸೆಲ್), ಎತ್ತರ 288 ಚುಕ್ಕೆ. ಫೋನನ್ನು ನೆಟ್ಟಗೆ ಹಿಡಿದಾಗ ಇದು ಅಚ್ಚುಕಟ್ಟಾಗಿ ಕೂರುತ್ತದೆ. ಇಂದಿನ ಸಾಮಾನ್ಯ ಫೋನಿನ ಪರದೆ ಅಗಲದಲ್ಲಿ 1080, ಎತ್ತರದಲ್ಲಿ 2400 ಚುಕ್ಕೆಗಳದ್ದು ಎಂದಿಟ್ಟುಕೊಂಡರೆ, ಮೂಲ ಚಿತ್ರವನ್ನು ಸರಿಯಾಗಿ ನಾಲ್ಕು ಪಟ್ಟು ಹಿಗ್ಗಿಸಿದಾಗ ಅದು 896ಕ್ಕೆ 1152 ಆಗುತ್ತದೆ, ಕೆಳಗೆ ಹೆಬ್ಬೆರಳುಗಳಿಗೆ 1248 ಚುಕ್ಕೆಗಳಷ್ಟು ಜಾಗ ಉಳಿಯುತ್ತದೆ. ಪರದೆಯ ಅಂಚಿನವರೆಗೂ ಎಳೆದರೆ ಹಿಗ್ಗುವಿಕೆ 4.82 ಪಟ್ಟು ಆಗಿ, ಕೆಲವು ಚುಕ್ಕೆಗಳು ನಾಲ್ಕರಷ್ಟು, ಕೆಲವು ಐದರಷ್ಟು ಅಗಲವಾಗುತ್ತವೆ. ಗೋಡೆಗಳು ಒಂದೆಡೆ ದಪ್ಪ, ಒಂದೆಡೆ ತೆಳುವಾಗಿ ಕಾಣುವುದು ಇದರಿಂದ. ಸೆಟ್ಟಿಂಗ್ಸ್‌ನಲ್ಲಿ ಇಂಟೀಜರ್ ಸ್ಕೇಲಿಂಗ್ (ಪೂರ್ಣ ಸಂಖ್ಯೆಯ ಪಟ್ಟಿನಲ್ಲಷ್ಟೇ ಹಿಗ್ಗಿಸುವುದು) ಎಂಬ ಆಯ್ಕೆಯಿದ್ದರೆ ಅದನ್ನು ಆನ್ ಮಾಡಿ, ಇಕ್ಕೆಲಗಳಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ.

1991ರ 'ಸ್ಟ್ರೀಟ್ ಫೈಟರ್ 2'ರಂತಹ ಆಟಗಳದ್ದು ಅಡ್ಡ ಪರದೆ. ಅದರ ಚಿತ್ರ 384ಕ್ಕೆ 224 ಚುಕ್ಕೆಗಳದ್ದಾದರೂ ಅದನ್ನು 4:3ರ ಹಳೆಯ ಟಿವಿ ಕೊಳವೆಯ ಮೇಲೆ ತೋರಿಸಲಾಗುತ್ತಿತ್ತು, ಆದ್ದರಿಂದ ಫೋನಿನಲ್ಲೂ 4:3ರಲ್ಲೇ ಇಡಬೇಕು. ಪೂರ್ಣ ಪರದೆಗೆ ಎಳೆದರೆ ಜಟ್ಟಿಗಳು ಕುಳ್ಳಾಗಿ ದಪ್ಪವಾಗುತ್ತಾರೆ. ಫೋನನ್ನು ಅಡ್ಡ ಹಿಡಿದು ನಾಲ್ಕು ಪಟ್ಟಿನ ಎತ್ತರ ಕೊಟ್ಟರೆ ಚಿತ್ರ ಸುಮಾರು 1195 ಚುಕ್ಕೆ ಅಗಲವಾಗಿ, ಎಡಬಲಗಳಲ್ಲಿ ತಲಾ 600ರಷ್ಟು ಜಾಗ ಉಳಿಯುತ್ತದೆ. ಬಟನ್‌ಗಳನ್ನು ಅಲ್ಲಿಗೆ ಸರಿಸಿದರೆ ಬೆರಳು ಚಿತ್ರವನ್ನು ಮುಚ್ಚುವುದಿಲ್ಲ.

ಹಳೆಯ ಕೊಳವೆಯ ಗೆರೆಗಳನ್ನು ಅನುಕರಿಸುವ ಫಿಲ್ಟರ್‌ಗಳು ಅಭಿರುಚಿಗೆ ಬಿಟ್ಟ ವಿಷಯ. ಬಿಸಿಲಲ್ಲಿ ಆಡುವವರಿಗೆ ಅವು ಬೇಡ, ಪರದೆ ಮಂಕಾಗುತ್ತದೆ.

ಐದನೆಯ ಹೆಜ್ಜೆ: ಕೈಗೆ ಹೊಂದಿಸುವುದು

ಸಂಕಲನಗಳು ಸೋಲುವುದೂ ಗೆಲ್ಲುವುದೂ ಇಲ್ಲಿ. ಎಲ್ಲ ಆಟಗಳಿಗೂ ಪರದೆಯ ಮೇಲೆ ಮೂಡುವ ಒಂದೇ ಬಗೆಯ ಜಾಯ್‌ಸ್ಟಿಕ್ ಅನ್ನು ಅಂಟಿಸಿದ ಸಂಕಲನ ಎಷ್ಟೇ ಅಗ್ಗವಾಗಿರಲಿ, ಕೊಳ್ಳಲು ಯೋಗ್ಯವಲ್ಲ, ಏಕೆಂದರೆ ಮೂಲ ಯಂತ್ರಗಳ ಹಿಡಿತಗಳೇ ಒಂದರಂತೆ ಒಂದಿರಲಿಲ್ಲ.

'ಪ್ಯಾಕ್‌ಮ್ಯಾನ್' ಯಂತ್ರದಲ್ಲಿ ಆಡಲು ಬಟನ್ನೇ ಇಲ್ಲ. ನಾಲ್ಕು ದಿಕ್ಕಿಗೆ ಮಾತ್ರ ಚಲಿಸುವ ಜಾಯ್‌ಸ್ಟಿಕ್ ಒಂದೇ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಂಟು ದಿಕ್ಕು ಎಂದಿದ್ದರೆ ಹೆಬ್ಬೆರಳು ಸ್ವಲ್ಪ ಓರೆಯಾದರೂ ಎರಡು ದಿಕ್ಕುಗಳು ಒಟ್ಟಿಗೆ ಒತ್ತಲ್ಪಟ್ಟು ತಿರುವು ತಪ್ಪುತ್ತದೆ. 'ಡಾಂಕಿ ಕಾಂಗ್'ನಲ್ಲೂ ಏಣಿಯ ಬುಡದಲ್ಲಿ ಇದೇ ತೊಂದರೆ. ಆದ್ದರಿಂದ ಮೊದಲು ನಾಲ್ಕು ದಿಕ್ಕಿಗೆ ಬದಲಿಸಿ. ಬೆರಳನ್ನು ಬೇಕಾದ ಕಡೆಗೆ ಸವರುವ ಪದ್ಧತಿ 'ಪ್ಯಾಕ್‌ಮ್ಯಾನ್'ಗೆ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ತಿರುವು ಬರುವ ಮೊದಲೇ ದಿಕ್ಕನ್ನು ಒತ್ತಿ ಹಿಡಿಯಲು ಮೂಲ ಆಟದಲ್ಲೇ ಅವಕಾಶವಿದೆ. ಹಾಗೆ ಮಾಡಿದವನು ಮೂಲೆಯನ್ನು ಓರೆಯಾಗಿ ಕತ್ತರಿಸಿ ಬೆನ್ನಟ್ಟುವ ದೆವ್ವಗಳಿಗಿಂತ ಕೆಲವು ಚುಕ್ಕೆ ಮುಂದೆ ಹೋಗುತ್ತಾನೆ, ದೆವ್ವಗಳಿಗೆ ಆ ಸೌಲಭ್ಯವಿಲ್ಲ. ಒಳ್ಳೆಯ ಆ್ಯಪ್‌ನಲ್ಲಿ ಈ ಮೂಲೆ ಕತ್ತರಿಸುವಿಕೆ ಹಾಗೇ ಉಳಿದಿರುತ್ತದೆ. ಉಳಿದಿದೆಯೇ ಎಂದು ಪರೀಕ್ಷಿಸುವುದೇ ಆ್ಯಪ್‌ನ ನಿಷ್ಠೆಯನ್ನು ಅಳೆಯುವ ಸುಲಭ ದಾರಿ.

1978ರ 'ಸ್ಪೇಸ್ ಇನ್‌ವೇಡರ್ಸ್'ನಲ್ಲಿ ಬೇಕಾದದ್ದು ಎಡ, ಬಲ ಮತ್ತು ಗುಂಡು ಮಾತ್ರ. ನಿಮ್ಮ ಒಂದು ಗುಂಡು ಪರದೆಯ ಮೇಲಿರುವವರೆಗೂ ಇನ್ನೊಂದನ್ನು ಹಾರಿಸಲಾಗದು. ಹೀಗಾಗಿ ಗುರಿ ತಪ್ಪಿದರೆ ಕಾಯುವ ದಂಡ ತೆರಬೇಕು. ತಾನಾಗಿ ಗುಂಡು ಹಾರಿಸುವ ಆಯ್ಕೆಯನ್ನು ಆ್ಯಪ್ ಕೊಟ್ಟಿದ್ದರೂ ಅದನ್ನು ಆಫ್ ಮಾಡಿಯೇ ಆಡಿ, ಇಲ್ಲವಾದರೆ ಆಟದ ಸತ್ವವಾದ ಆ ಲೆಕ್ಕಾಚಾರವೇ ಹೋಗುತ್ತದೆ. 55 ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಏರುವುದಕ್ಕೂ ಯಂತ್ರದ ಮಿತಿಯೇ ಕಾರಣ: ಅದು ಒಂದು ಬಾರಿಗೆ ಒಬ್ಬ ಶತ್ರುವನ್ನಷ್ಟೇ ಸರಿಸುತ್ತಿತ್ತು, ಸಂಖ್ಯೆ ಇಳಿದಾಗ ಒಂದು ಸುತ್ತು ಬೇಗ ಮುಗಿಯುತ್ತಿತ್ತು. ರೂಪಿಸಿದ ತೊಮೊಹಿರೊ ನಿಶಿಕಾದೊ ಅದನ್ನು ಸರಿಪಡಿಸದೆ ಹಾಗೇ ಉಳಿಸಿಕೊಂಡರು. 'ಗ್ಯಾಲಗ'ದಲ್ಲಿ ಎರಡು ಗುಂಡುಗಳಿಗೆ ಅವಕಾಶವಿದೆ.

ಇನ್ನು 'ಮಿಸೈಲ್ ಕಮಾಂಡ್' ಮತ್ತು 'ಸೆಂಟಿಪೀಡ್' ಯಂತ್ರಗಳಲ್ಲಿ ಇದ್ದದ್ದು ಅಂಗೈಯಿಂದ ಉರುಳಿಸುವ ಚೆಂಡು. ಇವುಗಳಲ್ಲಿ ಗಾಜಿನ ಪರದೆಯ ವರ್ತನೆ ಒಂದಕ್ಕೊಂದು ವಿರುದ್ಧ. 'ಮಿಸೈಲ್ ಕಮಾಂಡ್'ನಲ್ಲಿ ಆಕಾಶದ ಬೇಕಾದ ಬಿಂದುವನ್ನು ನೇರವಾಗಿ ಮುಟ್ಟಲು ಬಿಟ್ಟರೆ ಚೆಂಡನ್ನು ಉರುಳಿಸಿ ಅಲ್ಲಿಗೆ ತಲಪುವ ಶ್ರಮವೇ ಇಲ್ಲದೆ ಆಟ ಮೂಲಕ್ಕಿಂತ ಸುಲಭವಾಗುತ್ತದೆ. ಅಂಕಗಳನ್ನು ಹಳೆಯ ದಾಖಲೆಗಳೊಂದಿಗೆ ಹೋಲಿಸಲಾಗದು, ಆದರೆ ಮೊಬೈಲಿಗಾಗಿಯೇ ಹುಟ್ಟಿದಂತೆ ಆಡಿಸಿಕೊಳ್ಳುತ್ತದೆ. 'ಸೆಂಟಿಪೀಡ್'ನಲ್ಲಿ ಬೆರಳಿಟ್ಟಲ್ಲಿಗೆ ನಿಮ್ಮ ಸೈನಿಕ ಬಂದರೆ ಬೆರಳೇ ಅವನನ್ನು ಮುಚ್ಚುತ್ತದೆ. ಆದ್ದರಿಂದ ಬೆರಳು ಎಲ್ಲೇ ಇರಲಿ, ಅದು ಸರಿದಷ್ಟು ದೂರ ಸೈನಿಕನೂ ಸರಿಯುವ ಆಯ್ಕೆಯನ್ನು ಆರಿಸಬೇಕು. ಗಿರಗಿರ ತಿರುಗಿಸುವ ಗುಬುಟಿನ 'ಟೆಂಪೆಸ್ಟ್'ಗೂ 'ಅರ್ಕನಾಯ್ಡ್'ಗೂ ಇದೇ ಸರಿ, ಸಂವೇದನೆಯ ಪ್ರಮಾಣವನ್ನು ಮಾತ್ರ ಸ್ವಲ್ಪ ಏರಿಸಿಕೊಳ್ಳಿ.

'ಸ್ಟ್ರೀಟ್ ಫೈಟರ್ 2' ಆರು ಬಟನ್‌ಗಳ ಆಟ. ಜಾಯ್‌ಸ್ಟಿಕ್ಕನ್ನು ವೃತ್ತದ ಕಾಲು ಭಾಗದಷ್ಟು ಎಳೆದು ಹೊಡೆತ ಒತ್ತುವುದು, ಅದೂ ಅಂಚು ಬೆರಳಿಗೆ ತಾಗದ ಗಾಜಿನ ಮೇಲೆ, ಅಭ್ಯಾಸದಿಂದಲೂ ಪೂರ್ತಿ ಹಿಡಿತಕ್ಕೆ ಬರುವುದಿಲ್ಲ. ಈ ಬಗೆಯ ಆಟಗಳಿಗಾಗಿ ಸಂಕಲನ ಕೊಳ್ಳುವವರು ಬ್ಲೂಟೂತ್ ಅಥವಾ ಯುಎಸ್‌ಬಿ ಕಂಟ್ರೋಲರ್‌ನ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಲಿ. 'ಮೆಟಲ್ ಸ್ಲಗ್'ಗೆ ಗುಂಡು, ನೆಗೆತ, ಬಾಂಬು ಎಂಬ ಮೂರು ಬಟನ್ ಸಾಕಾದ್ದರಿಂದ ಗಾಜಿನ ಮೇಲೂ ಅದು ನಡೆಯುತ್ತದೆ.

ನಮ್ಮ ಕರಾವಳಿಯ ಸೆಕೆಯಲ್ಲಿ ಇನ್ನೊಂದು ತೊಡಕಿದೆ. ಬೆವರಿದ ಹೆಬ್ಬೆರಳು ಗಾಜಿಗೆ ಅಂಟಿಕೊಂಡು ಸವರುವಿಕೆ ತಡೆಯುತ್ತದೆ, ಮಳೆಯ ಹನಿ ಬಿದ್ದರೆ ಪರದೆ ಅದನ್ನೇ ಬೆರಳೆಂದು ಓದುತ್ತದೆ. ಹೊಳಪಿಲ್ಲದ ಮ್ಯಾಟ್ ಸ್ಕ್ರೀನ್ ಗಾರ್ಡ್ ಹಾಕಿಸಿಕೊಂಡರೆ ಮೊದಲನೆಯ ತೊಂದರೆ ಬಹಳ ಮಟ್ಟಿಗೆ ನೀಗುತ್ತದೆ. ಎರಡನೆಯದಕ್ಕೆ ಕೈವಸ್ತ್ರವೇ ಗತಿ.

ಆರನೆಯ ಹೆಜ್ಜೆ: ವಿಳಂಬವನ್ನು ಕಡಿಮೆ ಮಾಡುವುದು

ಈ ಯಂತ್ರಗಳು ಸೆಕೆಂಡಿಗೆ ಸುಮಾರು 60 ಚಿತ್ರಗಳನ್ನು ತೋರಿಸುತ್ತಿದ್ದವು, ಅಂದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು. ಬೆರಳು ಒತ್ತಿದ್ದಕ್ಕೂ ಪರದೆಯಲ್ಲಿ ಚಲನೆ ಕಾಣುವುದಕ್ಕೂ ನಡುವೆ ಹಲವು ಚಿತ್ರಗಳಷ್ಟು ಸಮಯ ಕಳೆದರೆ, ಚೆಂಡೆಯ ಪೆಟ್ಟಿಗೆ ವೇಷಧಾರಿಯ ಹೆಜ್ಜೆ ಹಿಂದೆ ಬಿದ್ದಂತೆ, ಎಲ್ಲಿ ತಪ್ಪಿತೆಂದು ಹೇಳಲಾಗದಿದ್ದರೂ ತಪ್ಪಿದ್ದು ಮಾತ್ರ ಗೊತ್ತಾಗುತ್ತದೆ. ಫೋನಿನಲ್ಲಿ 90 ಅಥವಾ 120 ಹರ್ಟ್ಸ್ (ಪರದೆ ಸೆಕೆಂಡಿಗೆ ಅಷ್ಟು ಬಾರಿ ಹೊಸದಾಗುವ) ಆಯ್ಕೆಯಿದ್ದರೆ ಅದನ್ನು ಆನ್ ಮಾಡಿ, ಬ್ಯಾಟರಿ ಉಳಿಸುವ ಮೋಡ್ ಅನ್ನು ಆಫ್ ಮಾಡಿ. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಸದ್ದು ತಡವಾಗಿ ಬರುವುದನ್ನು ಆ್ಯಪ್ ಸರಿಪಡಿಸಲಾರದು; ತಂತಿಯ ಇಯರ್‌ಫೋನ್ ಅಥವಾ ಫೋನಿನ ಸ್ಪೀಕರೇ ಸರಿ.

ಏಳನೆಯ ಹೆಜ್ಜೆ: ನಾಣ್ಯ, ಜೀವ ಮತ್ತು ಕಾಠಿಣ್ಯ

ಪಾರ್ಲರಿನ ಮಾಲೀಕರು ಯಂತ್ರದೊಳಗಿನ ಪುಟ್ಟ ಸ್ವಿಚ್ಚುಗಳಿಂದ ಜೀವಗಳ ಸಂಖ್ಯೆ, ಹೆಚ್ಚುವರಿ ಜೀವಕ್ಕೆ ಬೇಕಾದ ಅಂಕ, ಕಾಠಿಣ್ಯಗಳನ್ನು ಬದಲಿಸುತ್ತಿದ್ದರು. ಡಿಪ್ ಸ್ವಿಚ್ ಎಂಬ ಹೆಸರಿನಲ್ಲಿ ಒಳ್ಳೆಯ ಸಂಕಲನಗಳು ಅವನ್ನೂ ಕೊಡುತ್ತವೆ. ಕಾಠಿಣ್ಯವನ್ನು ಮೂಲದಂತೆಯೇ ಬಿಟ್ಟು, ಕಲಿಯುವ ಮೊದಲ ವಾರಗಳಲ್ಲಿ ಜೀವಗಳನ್ನು ಮಾತ್ರ ಐದಕ್ಕೆ ಏರಿಸಿಕೊಳ್ಳಬಹುದು.

ಹೆಚ್ಚು ಎಚ್ಚರ ಬೇಕಾದದ್ದು ಮಿತಿಯಿಲ್ಲದ ನಾಣ್ಯಗಳ ವಿಷಯದಲ್ಲಿ. ಸತ್ತಲ್ಲೇ ಮತ್ತೆ ಎದ್ದು ಮುಂದುವರಿಯುವ 'ಮೆಟಲ್ ಸ್ಲಗ್'ನಂತಹ ಆಟವನ್ನು ನಾಣ್ಯ ಒತ್ತುತ್ತಾ ಹೋದರೆ ಒಂದೇ ಕೂರಿಕೆಯಲ್ಲಿ ಮುಗಿಸಬಹುದು, ಆ ಮೇಲೆ ಅದನ್ನು ತೆರೆಯಲು ಮನಸ್ಸಾಗುವುದಿಲ್ಲ. ಒಂದು ನಾಣ್ಯದಲ್ಲಿ ಎಷ್ಟು ದೂರ ಹೋಗುತ್ತೇನೆ ಎಂದು ಆಡಿದರೆ ಅದೇ ಆಟ ವರ್ಷಗಟ್ಟಲೆ ಉಳಿಯುತ್ತದೆ. 'ಎಸಿಎ ನಿಯೋಜಿಯೋ' ಮಾಲಿಕೆಯಲ್ಲಿ ಐದು ನಿಮಿಷದೊಳಗೆ ಗರಿಷ್ಠ ಅಂಕ ಗಳಿಸುವ ಕ್ಯಾರವಾನ್ ಮೋಡ್ ಇದೆ; ಕುಂಬಳೆಯ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ ಇದಕ್ಕಿಂತ ತಕ್ಕ ಆಟ ಇನ್ನಿಲ್ಲ. ಆಟದ ನಡುವೆ ಸ್ಥಿತಿಯನ್ನು ಉಳಿಸಿಡುವ ಸೌಲಭ್ಯವನ್ನು ಕಷ್ಟದ ಒಂದು ಹಂತವನ್ನು ಅಭ್ಯಾಸ ಮಾಡಲು ಬಳಸಿ, ಅಂಕ ದಾಖಲಿಸುವಾಗ ಬಳಸಬೇಡಿ.

ಎಂಟನೆಯ ಹೆಜ್ಜೆ: ಎಮ್ಯುಲೇಟರ್ ಬಳಸುವವರಿಗೆ

ಆರ್ಕೇಡ್ ಯಂತ್ರಗಳ ಅನುಕರಣೆಗೆ ಬುನಾದಿ ಹಾಕಿದ 'ಮೇಮ್' ತಂತ್ರಾಂಶವನ್ನು ಇಟಲಿಯ ನಿಕೋಲಾ ಸಾಲ್ಮೋರಿಯ 1997ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದರು. ಅದರ ಹಲವು ರೂಪಗಳನ್ನು ಒಳಗೊಂಡ 'ರೆಟ್ರೊಆರ್ಚ್' ಆಂಡ್ರಾಯ್ಡಿನಲ್ಲಿ ಬಹುಕಾಲದಿಂದ ಸಿಗುತ್ತಿದೆ. ಆಪಲ್ 2024ರ ಏಪ್ರಿಲ್‌ನಲ್ಲಿ ತನ್ನ ನಿಯಮ ಸಡಿಲಿಸಿದ ಮೇಲೆ ಮೇ ತಿಂಗಳಲ್ಲಿ ಐಫೋನಿಗೂ ಬಂದಿತು. ಇದು ಉಚಿತ, ಜಾಹೀರಾತುಗಳಿಲ್ಲ.

ಎಮ್ಯುಲೇಟರ್ ಬಳಸುವುದು ಬೇರೆ, ಹಕ್ಕುಸ್ವಾಮ್ಯವಿರುವ ಆಟದ ಕಡತವನ್ನು ಅನುಮತಿಯಿಲ್ಲದೆ ಇಳಿಸಿಕೊಳ್ಳುವುದು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ, ಅನಧಿಕೃತ ಪ್ರತಿಯೆಂದು ತಿಳಿದೂ ಕಂಪ್ಯೂಟರ್ ಪ್ರೋಗ್ರಾಂ ಬಳಸುವುದಕ್ಕೆ ಶಿಕ್ಷೆ ವಿಧಿಸುತ್ತದೆ. ಆದ್ದರಿಂದ ಮೇಮ್ ತಂಡದ ಜಾಲತಾಣದಲ್ಲಿ, ಹಕ್ಕುದಾರರ ಒಪ್ಪಿಗೆಯಿಂದ ವಾಣಿಜ್ಯೇತರ ಬಳಕೆಗೆ ಉಚಿತವಾಗಿ ಇಟ್ಟಿರುವ 'ರಾಬಿ ರೋಟೊ', 'ಗ್ರಿಡ್‌ಲೀ' ಮುಂತಾದ ಆಟಗಳಿಂದ ಆರಂಭಿಸಿ.

ಕೆಲಸದ ಕ್ರಮ ಹೀಗಿದೆ. ರೆಟ್ರೊಆರ್ಚ್ ತೆರೆದು ಲೋಡ್ ಕೋರ್ ಎಂಬಲ್ಲಿ 'ಮೇಮ್ 2003-ಪ್ಲಸ್' ಅಥವಾ 'ಫೈನಲ್‌ಬರ್ನ್ ನಿಯೋ' ಕೋರ್ (ಅನುಕರಣೆ ಮಾಡುವ ಒಳ ತಂತ್ರಾಂಶ) ಆರಿಸಿ, ಫೋನಿನಲ್ಲಿ ಇಲ್ಲದಿದ್ದರೆ ಅಲ್ಲಿಂದಲೇ ಇಳಿಸಿಕೊಳ್ಳಿ. ಆಟದ ಜಿಪ್ ಕಡತವನ್ನು ಒಂದು ಫೋಲ್ಡರಿನಲ್ಲಿಡಿ. ಅದನ್ನು ಬಿಚ್ಚಲೂಬಾರದು, ಹೆಸರು ಬದಲಿಸಲೂಬಾರದು, ಏಕೆಂದರೆ ಕೋರ್ ಆಟವನ್ನು ಗುರುತಿಸುವುದು ಆ ಹೆಸರಿನಿಂದಲೇ. ಬಳಿಕ ಲೋಡ್ ಕಂಟೆಂಟ್ ಮೂಲಕ ಅದನ್ನು ತೆರೆಯಿರಿ. ತೆರೆಯದಿದ್ದರೆ ಬಹುತೇಕ ಕಾರಣ ಆವೃತ್ತಿಯ ಹೊಂದಾಣಿಕೆಯಿಲ್ಲದಿರುವುದು: 'ಮೇಮ್ 2003-ಪ್ಲಸ್' ಹಳೆಯ ಮೇಮ್ 0.78ರ ಬುಡದ ಮೇಲೆ ನಿಂತದ್ದರಿಂದ ಹೊಸ ಮೇಮ್‌ಗಾಗಿ ಸಿದ್ಧಪಡಿಸಿದ ಕಡತಗಳಲ್ಲಿ ಕೆಲವನ್ನು ಅದು ಒಪ್ಪುವುದಿಲ್ಲ. ಆಗ ಕಡತವನ್ನು ಶಪಿಸದೆ ಕೋರ್ ಬದಲಿಸಿ ನೋಡಿ.

ಆಟ ತೆರೆದ ಮೇಲೆ ಹೊಸಬರು ಸಿಕ್ಕಿಕೊಳ್ಳುವುದು ಒಂದೇ ಕಡೆ: ಸ್ಟಾರ್ಟ್ ಒತ್ತಿದರೂ ಆಟ ಶುರುವಾಗುವುದಿಲ್ಲ. ಇಲ್ಲಿಯೂ ಮೊದಲು ನಾಣ್ಯ ಹಾಕಬೇಕು, ಸೆಲೆಕ್ಟ್ ಬಟನ್ನೇ ನಾಣ್ಯ, ಆಮೇಲೆ ಸ್ಟಾರ್ಟ್. ಹಿಂದೆ ಹೇಳಿದ ಇಂಟೀಜರ್ ಸ್ಕೇಲಿಂಗ್ ವಿಡಿಯೋ ಸೆಟ್ಟಿಂಗ್ಸ್‌ನಲ್ಲಿದೆ. ವಿಳಂಬ ತಗ್ಗಿಸುವ ರನ್ ಅಹೆಡ್ ಲೇಟೆನ್ಸಿ ವಿಭಾಗದಲ್ಲಿದೆ. ಅದನ್ನು ಒಂದು ಚಿತ್ರಕ್ಕೆ ಇಟ್ಟು ನೋಡಿ, ಅಗ್ಗದ ಫೋನು ತಡವರಿಸಿದರೆ ಆಫ್ ಮಾಡಿ.

ಫೋನು ಬದಲಿಸುವಾಗ

ಹಣ ಕೊಟ್ಟು ಕೊಂಡ ಸಂಕಲನವನ್ನು ಹೊಸ ಫೋನಿನಲ್ಲಿ ಅದೇ ಖಾತೆಯಿಂದ ಸ್ಥಾಪಿಸಿ, ಸೆಟ್ಟಿಂಗ್ಸ್‌ನಲ್ಲಿರುವ ರೀಸ್ಟೋರ್ ಪರ್ಚೇಸಸ್ ಒತ್ತಿದರೆ ಕಟ್ಟುಗಳು ಮತ್ತೆ ತೆರೆದುಕೊಳ್ಳುತ್ತವೆ. ಎರಡನೆಯ ಬಾರಿ ಹಣ ಕೊಡಬೇಕಿಲ್ಲ. ಅಂಕಗಳ ದಾಖಲೆ ಮಾತ್ರ ಎಲ್ಲ ಆ್ಯಪ್‌ಗಳಲ್ಲೂ ಜೊತೆಗೆ ಬರುವುದಿಲ್ಲವಾದ್ದರಿಂದ ಮುಖ್ಯವಾದವುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ರೆಟ್ರೊಆರ್ಚ್‌ನಲ್ಲಿ ಸೇವ್ಸ್ ಮತ್ತು ಸ್ಟೇಟ್ಸ್ ಎಂಬ ಎರಡು ಫೋಲ್ಡರುಗಳನ್ನು ನಕಲು ಮಾಡಿಕೊಳ್ಳಬೇಕು. ಸ್ಟೇಟ್ಸ್ ಫೋಲ್ಡರಿನ ಕಡತಗಳು ಅವನ್ನು ಸೃಷ್ಟಿಸಿದ ಕೋರ್‌ಗೆ ಅಂಟಿಕೊಂಡಿರುವುದರಿಂದ ಕೋರ್‌ನ ಆವೃತ್ತಿ ಬದಲಾದರೆ ತೆರೆಯದೆ ಹೋಗಬಹುದು. ಆದ್ದರಿಂದ ಹಳೆಯ ಫೋನನ್ನು ಅಳಿಸಿ ಇತರರಿಗೆ ಕೊಡುವ ಮೊದಲು ಹೊಸದರಲ್ಲಿ ಒಂದೊಂದನ್ನೂ ತೆರೆದು ನೋಡಿಕೊಳ್ಳಿ.